ಮಾಕಳಿ ಬೇರು

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಯಶವಂತಪುರ, ಪೀಣ್ಯ, ದಾಸರಹಳ್ಳಿಗಳನ್ನು ದಾಟಿ ನೆಲಮಂಗಲವನ್ನು ಸಮೀಪಿಸುವ ಮುನ್ನ ಮಾಕಳಿ ಎಂಬ ಊರು ಸಿಗುತ್ತದೆ. ಇಂದು ಅಲ್ಲಿ ರಸ್ತೆಯ ಎರಡು ಬದಿಗಳಲ್ಲಿಯೂ ಕಟ್ಟಡಗಳು, ಉಗ್ರಾಣಗಳು, ಲಾರಿಗಳ ಸಾಲು. ನಾನು ಬಾಲಕನಾಗಿದ್ದಾಗ ಅದು ರಾಗಿಯ ಹೊಲಗಳ ನಡುವಿನ ಸಣ್ಣ ಹಳ್ಳಿ. ಯಶವಂತಪುರದ ನಮ್ಮ ಮನೆಯಿಂದ ನೆಲಮಂಗಲದ ಅಜ್ಜಿಯ ಮನೆಗೆ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರು "ಮಾಕಳಿ, ಮಾಕಳಿ" ಎಂದು ಕೂಗಿದೊಡನೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಕಾರಣವಿಷ್ಟೆ: ಅಜ್ಜಿಯ ಅಡುಗೆಮನೆಯಲ್ಲಿ, ಬಿಳಿಯ ಬಟ್ಟೆಯಿಂದ ಬಾಯಿ ಬಿಗಿದ ಒಂದು ಪಿಂಗಾಣಿ ಜಾಡಿಯಿತ್ತು, ಅದರ ತುಂಬ ಮಾಕಳಿ ಬೇರಿನ ಉಪ್ಪಿನಕಾಯಿಯಿತ್ತು. ಆ ಬೇರು ಈ ಊರಿನಲ್ಲಿಯೇ ಬೆಳೆಯುತ್ತದೆಂದು ನಾನು ಬಹುಕಾಲ ನಂಬಿದ್ದೆ. ಒಮ್ಮೆ, "ಇಲ್ಲೇ ಇಳಿದು ಬೇರು ತೆಗೆದುಕೊಂಡು ಹೋಗೋಣ ಅಜ್ಜಿ" ಎಂದು ಹಟ ಹಿಡಿದಾಗ ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅಜ್ಜಿ ಮಾತ್ರ ನಗದೆ, "ಊರಿನ ಹೆಸರು ಬೇರೆ, ಬೇರಿನ ಹೆಸರು ಬೇರೆ ಮಗು. ಅದು ಊರಲ್ಲಿ ಬೆಳೆಯೋದಲ್ಲ, ಕಾಡಿನದು. ಕಾಡಿನ ಜನ ಅಗೆದು ತಂದುಕೊಟ್ಟರೆ ನಮಗುಂಟು, ಇಲ್ಲದಿದ್ದರೆ ಇಲ್ಲ" ಎಂದಳು.

ಅಜ್ಜಿಯ ಆ ಮಾತಿನ ಅರ್ಥವಾಗಲು ನನಗೆ ಅರ್ಧ ಆಯುಷ್ಯವೇ ಬೇಕಾಯಿತು.

ಮಾಕಳಿ ಬೇರನ್ನು ನಮ್ಮ ನಾಡಿನಲ್ಲಿ ಮಾಗಳಿ ಬೇರು ಎಂದೂ ಕರೆಯುತ್ತಾರೆ. ತಮಿಳರು ಇದನ್ನು ಮಾಗಾಳಿ ಕಿಳಂಗು ಎನ್ನುತ್ತಾರೆ. ತೆಲುಗರು ಮಾರೆಡು ಕೊಮ್ಮುಲು ಎನ್ನುತ್ತಾರೆ. ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಮೊಸರನ್ನಕ್ಕೆ ಇದಕ್ಕಿಂತ ಮಿಗಿಲಾದ ಜೊತೆಯಿಲ್ಲವೆಂಬ ನಂಬಿಕೆಯುಂಟು. ಆದರೆ ಇದರ ವಾಸನೆಯ ವಿಷಯದಲ್ಲಿ ಮನುಷ್ಯರು ಎರಡು ಪಂಗಡಗಳಾಗಿ ಒಡೆದಿದ್ದಾರೆ. ಒಂದು ಪಂಗಡದವರು ಜಾಡಿಯ ಬಾಯಿ ಬಿಚ್ಚಿದೊಡನೆ ಕಣ್ಣು ಮುಚ್ಚಿ ಮೂಸುತ್ತಾರೆ. ಇನ್ನೊಂದು ಪಂಗಡದವರು ಮೂಗು ಮುಚ್ಚಿಕೊಂಡು, "ತಿಗಣೆಯ ವಾಸನೆ!" ಎಂದು ಎದ್ದು ಹೋಗುತ್ತಾರೆ. ನಮ್ಮ ಮನೆಯಲ್ಲಿ ಅಜ್ಜಿ ಮೊದಲನೆಯ ಪಂಗಡ, ತಾತ ಎರಡನೆಯ ಪಂಗಡ. ಆದ್ದರಿಂದ ಜಾಡಿ ಯಾವಾಗಲೂ ತಾತನ ಮಣೆಯಿಂದ ದೂರದ ಮೂಲೆಯಲ್ಲಿರುತ್ತಿತ್ತು.

ಹೀಗೆ ಬೇರನ್ನು ತಿಂದು ಬೆಳೆದ ನಾನು ಅದರ ಬಳ್ಳಿಯನ್ನು ಕಂಡವನಲ್ಲ. ಮಲ್ಲೇಶ್ವರದ ಮಾರುಕಟ್ಟೆಯಲ್ಲಿ, ಗಾಂಧಿ ಬಜಾರಿನಲ್ಲಿ, ಗೋಣಿಯ ಮೇಲೆ ಮಣ್ಣು ಮೆತ್ತಿದ ಬೇರುಗಳ ರಾಶಿಯನ್ನು ಕಂಡಿದ್ದೆ. ಎಲೆ, ಹೂವು, ಕಾಯಿ ಯಾವುದೂ ಆ ರಾಶಿಯಲ್ಲಿರುತ್ತಿರಲಿಲ್ಲ. ಕೊಳ್ಳುವವರು ಬೇರನ್ನು ಮುರಿದು ಮೂಸಿ ನೋಡಿ, ಬೆಲೆ ಕೇಳಿ, ತೂಗಿಸಿಕೊಂಡು ಹೋಗುತ್ತಿದ್ದರು. ಈ ಬೇರಿನ ಮೇಲೆ ಯಾವ ಗಿಡವಿತ್ತು, ಅದು ಮರವೋ ಪೊದೆಯೋ ಬಳ್ಳಿಯೋ ಎಂದು ಕೇಳಿದವರನ್ನು ನಾನು ಕಾಣೆ. ನಾನೂ ಕೇಳಲಿಲ್ಲ.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದಾಗ, ಒಂಬತ್ತನೆಯ ತರಗತಿಯ ಮಕ್ಕಳೊಡನೆ ಬಿಳಿಗಿರಿರಂಗನ ಬೆಟ್ಟಕ್ಕೆ ಪ್ರವಾಸ ಹೋಗಿದ್ದೆ. ಚಾಮರಾಜನಗರ ಜಿಲ್ಲೆಯ ಈ ಬೆಟ್ಟಸಾಲು ಸೋಲಿಗರ ತವರು. ಸೋಲಿಗರು ಕರ್ನಾಟಕದ ಪ್ರಾಚೀನ ಗಿರಿಜನರಲ್ಲಿ ಒಬ್ಬರು. ಕನ್ನಡಕ್ಕೆ ತೀರ ಹತ್ತಿರವಾದ ಸೋಲಿಗ ನುಡಿ ಅವರದು. ಅವರ ವಾಸದ ಹಟ್ಟಿಗಳಿಗೆ ಪೋಡು ಎಂದು ಹೆಸರು. ಕಾಡಿನ ದೊಡ್ಡಸಂಪಿಗೆಯ ಮರವನ್ನು ದೈವವೆಂದು ಪೂಜಿಸುವ ಈ ಜನರಿಗೆ ಗಿಡಮರಗಳು ನೆರೆಹೊರೆಯವರಿದ್ದಂತೆ. ನಮಗೆ ಕಾಡು ತೋರಿಸಲು ಒಬ್ಬ ಸೋಲಿಗ ಹಿರಿಯರು ಜೊತೆಯಲ್ಲಿ ಬಂದಿದ್ದರು. ಮಕ್ಕಳೆಲ್ಲ ಅವರನ್ನು ಅಜ್ಜ ಎಂದೇ ಕರೆಯುತ್ತಿದ್ದರು.

ದಾರಿಯಲ್ಲಿ ಪೊದೆಯೊಂದನ್ನು ಸುತ್ತಿಕೊಂಡ ತೆಳುವಾದ ಬಳ್ಳಿ ನನ್ನ ಕಣ್ಣಿಗೆ ಬಿತ್ತು. ಎಲೆ ಕಿತ್ತರೆ ಬಿಳಿಯ ಹಾಲು ಒಸರಿತು. ಬುಡದ ಮಣ್ಣು ಕೆದರಿ ಬೇರಿನ ತುದಿಯನ್ನು ಉಗುರಿನಿಂದ ಗೀರಿ ಮೂಸಿದೆ. ಅದೇ ಪರಿಮಳ! ಅಜ್ಜಿಯ ಜಾಡಿ ಕಣ್ಣ ಮುಂದೆ ಬಂದು ನಿಂತಿತು. "ಮಕ್ಕಳೇ, ಇಲ್ಲಿ ನೋಡಿ, ಇದೇ ಮಾಕಳಿ ಬಳ್ಳಿ" ಎಂದು ಉಪಾಧ್ಯಾಯರಿಗೆ ಸಹಜವಾದ ಉತ್ಸಾಹದಿಂದ ಸಾರಿದೆ. ಮಕ್ಕಳು ಟಿಪ್ಪಣಿ ಪುಸ್ತಕ ತೆರೆದರು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲನೆ ಹೇಳಿದರು: "ಮೇಷ್ಟ್ರೇ, ಮೂಗು ಸರಿಯಾಗಿ ಹೇಳ್ತು, ಕಣ್ಣು ನೋಡ್ಲಿಲ್ಲ. ಇದು ಸೊಗದೆ. ಮಾಕಳಿ ಇಲ್ಲಿಲ್ಲ, ಬಂಡೆ ಹತ್ರ ಬನ್ನಿ."

ಮಕ್ಕಳ ಎದುರಿಗೆ ತಪ್ಪು ಹೇಳಿ ಸಿಕ್ಕಿಬಿದ್ದುದಕ್ಕೆ ನನಗೆ ನಾಚಿಕೆಯಾಯಿತು. ಆದರೆ ಅಂದು ಆ ಬಂಡೆಯ ಬಳಿ ಕಲಿತ ಪಾಠವನ್ನು ನಾನು ಮರೆತಿಲ್ಲ. ನನ್ನ ತಪ್ಪು ಅಪರೂಪದ ತಪ್ಪಲ್ಲ; ಈ ಎರಡು ಬಳ್ಳಿಗಳನ್ನು ಒಂದೆಂದು ಭಾವಿಸುವವರು ಇಂದಿಗೂ ಬಹಳ ಮಂದಿ ಇದ್ದಾರೆ. ಆದ್ದರಿಂದ ಅವುಗಳ ಗುರುತನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದಾಗಿ ನೆಲ. ಮಾಕಳಿ ಬಳ್ಳಿ ಕಲ್ಲುಬಂಡೆಗಳ ಸಂದಿಯನ್ನು ಬಯಸುವ ಸಸ್ಯ. ದಕ್ಷಿಣ ಭಾರತದ ಒಣ ಎಲೆಯುದುರುವ ಕಾಡುಗಳಲ್ಲಿ, ಕುರುಚಲು ಕಾಡುಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 300ರಿಂದ 1200 ಮೀಟರು ಎತ್ತರದ ಬಿಸಿಲು ಬೀಳುವ ಇಳಿಜಾರುಗಳಲ್ಲಿ ಅದು ಬೆಳೆಯುತ್ತದೆ. ಸೊಗದೆಯಾದರೋ ಹೊಲದ ಬದು, ಬೇಲಿ, ಬಯಲು, ಕಾಡಿನಂಚು ಎಂಬ ಭೇದವಿಲ್ಲದೆ ಭಾರತದ ಬಹುಭಾಗದಲ್ಲಿ ಕಾಣಸಿಗುತ್ತದೆ.

ಎರಡನೆಯದು ಕಾಂಡ. ಸೊಗದೆಯ ಕಾಂಡ ತಂತಿಯಂತೆ ತೆಳು. ನೆಲದ ಮೇಲೆ ಹರಿಯುತ್ತದೆ ಅಥವಾ ಸಣ್ಣ ಪೊದೆಗಳನ್ನು ಸುತ್ತಿಕೊಳ್ಳುತ್ತದೆ. ಮಾಕಳಿಯದು ಗಟ್ಟಿಯಾದ, ಮರದ ಗುಣವುಳ್ಳ ಬಳ್ಳಿ. ಅದರ ರೆಂಬೆಗಳಲ್ಲಿ ಗೆಣ್ಣುಗಳು ಉಬ್ಬಿ ನಿಂತಿರುತ್ತವೆ; ಕಣ್ಣು ಮುಚ್ಚಿ ಬೆರಳಾಡಿಸಿದರೂ ಕೀಲುಗಳಂತೆ ತಿಳಿಯುತ್ತವೆ.

ಮೂರನೆಯದು ಎಲೆ. ಎರಡರಲ್ಲಿಯೂ ಎಲೆಗಳು ಗೆಣ್ಣಿನಲ್ಲಿ ಎದುರುಬದುರಾಗಿ ಜೋಡಿಜೋಡಿಯಾಗಿರುತ್ತವೆ. ಆದರೆ ಮಾಕಳಿಯ ಎಲೆ ಅಗಲ, ಅಂಡಾಕಾರವಾಗಿಯೋ ದುಂಡಗೋ ಇರುತ್ತದೆ, ರೋಮಗಳಿಲ್ಲದೆ ನುಣುಪಾಗಿರುತ್ತದೆ. ಸೊಗದೆಯ ಎಲೆ ಬಹುಮಟ್ಟಿಗೆ ಕಿರಿದು; ಒಂದೇ ಬಳ್ಳಿಯಲ್ಲಿ ಈಟಿಯಂತೆ ನೀಳವಾದ ಎಲೆಯೂ ತುಸು ಅಗಲವಾದ ಎಲೆಯೂ ಇರುವುದುಂಟು. ಅದರ ನಡುನರದ ಗುಂಟ ಬಿಳಿಯ ಗೆರೆ ಮೂಡಿ ಹಣೆಯ ನಾಮವನ್ನು ನೆನಪಿಗೆ ತರುತ್ತದೆ. ಸೊಗದೆಗೆ ನಾಮದ ಬೇರು ಎಂಬ ಹೆಸರೂ ಇದೆಯೆಂಬುದನ್ನು ನೆನಪಿಟ್ಟರೆ ಈ ಗುರುತು ಮರೆಯುವುದಿಲ್ಲ.

ನಾಲ್ಕನೆಯದು ಹೂವು ಮತ್ತು ಕಾಯಿ. ಮಾಕಳಿಯ ಹೂಗಳು ಚಿಕ್ಕವು. ಹಳದಿ ಬೆರೆತ ಬಿಳಿಯ ಬಣ್ಣದವು. ಒಳಗೆ ನವಿರಾದ ರೋಮಗಳಿದ್ದು ಗೊಂಚಲುಗಳಲ್ಲಿ ಅರಳುತ್ತವೆ. ಸೊಗದೆಯ ಹೂವು ಹೊರಗೆ ಹಸುರು, ಒಳಗೆ ನೇರಳೆ. ಎರಡರ ಕಾಯಿಗಳೂ ಜೋಡಿಯಾಗಿಯೇ ಬರುತ್ತವೆ. ಸೊಗದೆಯದು ಸಪೂರ, ಮಾಕಳಿಯದು ದಪ್ಪ ಮತ್ತು ಗಟ್ಟಿ. ಒಣಗಿದ ಕಾಯಿ ಬಿರಿದಾಗ ಒಳಗಿನ ಬೀಜಗಳು ಬಿಳಿಯ ರೇಷ್ಮೆಯಂಥ ಕುಚ್ಚುಗಳನ್ನು ಬಿಚ್ಚಿಕೊಂಡು ಗಾಳಿಯಲ್ಲಿ ತೇಲಿಹೋಗುತ್ತವೆ. ಎಕ್ಕದ ಕಾಯಿ ಒಡೆದು ಬೀಜ ಹಾರುವುದನ್ನು ನೀವೆಲ್ಲರೂ ಕಂಡಿರುತ್ತೀರಿ. ಇವೂ ಅದೇ ಬಳಗದವು. ಹಿಂದೆ ಸಸ್ಯಶಾಸ್ತ್ರಜ್ಞರು ಎಕ್ಕದ ಕುಟುಂಬವನ್ನು ಪ್ರತ್ಯೇಕವಾಗಿ ಎಣಿಸುತ್ತಿದ್ದರು. ಈಗ ಅದನ್ನು ಕಣಗಿಲೆಯ ಕುಟುಂಬದಲ್ಲಿ ಸೇರಿಸಿದ್ದಾರೆ.

ಐದನೆಯದು ಬೇರು. ಸೊಗದೆಯ ಬೇರು ಸಣ್ಣ ಕಡ್ಡಿಯಂತೆ ತೆಳ್ಳಗೆ, ಕಪ್ಪು ಬೆರೆತ ಕಂದುಬಣ್ಣದ್ದಾಗಿ, ಸಿಪ್ಪೆಯ ಮೇಲೆ ಅಡ್ಡ ಬಿರುಕುಗಳಿಂದ ಕೂಡಿರುತ್ತದೆ. ಮಾಕಳಿಯ ಬೇರುಗಳು ಗೆಣಸಿನಂತೆ ಗೊಂಚಲಾಗಿ ಇಳಿದಿರುತ್ತವೆ. ಬೆರಳಿನ ದಪ್ಪದಿಂದ ಹಿಡಿದು ಮಣಿಕಟ್ಟಿನ ದಪ್ಪದವರೆಗೂ ಬೆಳೆಯುತ್ತವೆ. ಮುರಿದರೆ ಹೊರಗೆ ದಪ್ಪನಾದ ರಸವತ್ತಾದ ತಿರುಳು, ನಡುವೆ ಗಟ್ಟಿಯಾದ ಕಟ್ಟಿಗೆಯಂಥ ದಿಂಡು. ತುಂಡನ್ನು ನಾಲಗೆಯ ಮೇಲಿಟ್ಟರೆ ಮೊದಲು ಸಿಹಿ, ಅನಂತರ ಚುಮುಚುಮು ಎನ್ನುವ ಒಂದು ಬಗೆಯ ಜೋಮು.

ಇಷ್ಟು ಭೇದವಿದ್ದರೂ ನನ್ನ ಮೂಗು ಮೋಸಹೋದದ್ದೇಕೆ? ಇದಕ್ಕೆ ಉತ್ತರವನ್ನು ರಸಾಯನಶಾಸ್ತ್ರ ಹೇಳುತ್ತದೆ. ಎರಡು ಬೇರುಗಳ ಪರಿಮಳಕ್ಕೂ ಮುಖ್ಯ ಕಾರಣ ಒಂದೇ ವಸ್ತು. ಐಸ್‌ಕ್ರೀಮಿಗೂ ಸಿಹಿತಿಂಡಿಗಳಿಗೂ ಹಾಕುವ ವೆನಿಲಾದ ಸುವಾಸನೆಗೆ ವೆನಿಲಿನ್ ಎಂಬ ವಸ್ತು ಕಾರಣವಷ್ಟೆ. ಈ ಬೇರುಗಳಲ್ಲಿರುವ ವಸ್ತು ಅದರ ದಾಯಾದಿ. ಎರಡರ ಅಣುಗಳಲ್ಲಿಯೂ 8 ಇಂಗಾಲ, 8 ಜಲಜನಕ, 3 ಆಮ್ಲಜನಕದ ಪರಮಾಣುಗಳಿವೆ. ಅವು ಜೋಡಣೆಗೊಂಡಿರುವ ರೀತಿ ಮಾತ್ರ ಬೇರೆ. ಮಾಕಳಿ ಬೇರಿನ ರಾಸಾಯನಿಕ ಘಟಕಗಳನ್ನು ಕುರಿತು ಟಿ.ಆರ್. ಶೇಷಾದ್ರಿಯವರೂ ಅವರ ಸಹೋದ್ಯೋಗಿಯೂ 1941ರಷ್ಟು ಹಿಂದೆಯೇ ಸಂಶೋಧನ ಲೇಖನಗಳನ್ನು ಪ್ರಕಟಿಸಿದ್ದರು. ಪರಿಮಳವೊಂದನ್ನೇ ನಂಬಿದವರಿಗೆ ಸೊಗದೆಯೂ ಮಾಕಳಿಯೂ ಒಂದೇ. ಆಯುರ್ವೇದದಲ್ಲಿ ಸಾರಿವಾ ಎಂದು ಹೆಸರಾದ ಮೂಲಿಕೆ ಸೊಗದೆ. ಅಂಗಡಿಗಳಲ್ಲಿ ಅದರ ಬದಲಿಗೆ ಮಾಕಳಿಯ ಬೇರನ್ನು ಕೊಡುವ ರೂಢಿಗೂ ಈ ಸಾಮ್ಯವೇ ಕಾರಣ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆ. ಹಾಲು ಒಸರುವ ಬಳ್ಳಿಗಳು ಕಾಡಿನಲ್ಲಿ ಅನೇಕ. ಎಕ್ಕ ಮತ್ತು ಕಣಗಿಲೆಯ ಬಳಗದಲ್ಲಿಯೇ ವಿಷಸಸ್ಯಗಳಿಗೆ ಕೊರತೆಯಿಲ್ಲ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಕಣಗಿಲೆಯನ್ನು ತಿಂದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ಬಲ್ಲವರು ಜೊತೆಯಲ್ಲಿಲ್ಲದೆ ಯಾವ ಕಾಡುಬಳ್ಳಿಯ ಬೇರನ್ನೂ ಎಲೆಯನ್ನೂ ಬಾಯಿಗಿಡಬಾರದು. ನೆಲ, ಕಾಂಡ, ಎಲೆ, ಹೂವು, ಕಾಯಿ, ಬೇರು ಇವೆಲ್ಲವೂ ಒಂದೇ ಸಾಕ್ಷ್ಯವನ್ನು ನುಡಿದಾಗ ಮಾತ್ರ ಗುರುತು ನಿಜವೆನಿಸುತ್ತದೆ.

ಸಸ್ಯಶಾಸ್ತ್ರದಲ್ಲಿ ಮಾಕಳಿ ಬಳ್ಳಿಯ ಹೆಸರು ಡೆಕಲೆಪಿಸ್ ಹ್ಯಾಮಿಲ್ಟೋನಿಯೈ. ರಾಬರ್ಟ್ ವೈಟ್ ಮತ್ತು ವಾಕರ್ ಆರ್ನಾಟ್ ಎಂಬ ಸಸ್ಯಜ್ಞರು 1834ರಲ್ಲಿ ಈ ಹೆಸರನ್ನು ಪ್ರಕಟಿಸಿದರು. ಗ್ರೀಕ್ ಭಾಷೆಯಲ್ಲಿ ಡೆಕ ಎಂದರೆ ಹತ್ತು, ಲೆಪಿಸ್ ಎಂದರೆ ಹುರುಪೆ. ಆದರೆ ಪುಸ್ತಕದಲ್ಲಿ ಹೆಸರು ದಾಖಲಾದ ದಿನದಿಂದ ಬಳ್ಳಿಯ ಚರಿತ್ರೆ ಆರಂಭವಾಯಿತೆಂದು ತಿಳಿಯಬಾರದು. ಅದಕ್ಕೂ ಬಹಳ ಹಿಂದಿನಿಂದ ಅದನ್ನು ಗುರುತಿಸಿ, ಹೆಸರಿಟ್ಟು, ಬಳಸಿ ಬಂದವರು ಕಾಡಿನ ಜನ.

ಕರ್ನಾಟಕದಲ್ಲಿ ಸೋಲಿಗರು, ಆಂಧ್ರ ಮತ್ತು ತೆಲಂಗಾಣದ ನಲ್ಲಮಲ ಕಾಡುಗಳಲ್ಲಿ ಚೆಂಚುಗಳು, ಆಂಧ್ರದ ಇತರ ಭಾಗಗಳಲ್ಲಿ ಯಾನಾದಿಗಳು ಮಾಕಳಿಯನ್ನು ಬಲ್ಲ ಬುಡಕಟ್ಟುಗಳು. ಕಾಡಿನಲ್ಲಿ ನಡೆಯುವಾಗ ಬೇರಿನ ತುಂಡನ್ನು ಅಗಿದರೆ ಬಾಯಾರಿಕೆ ಅಡಗುತ್ತದೆ. ಹಸಿವು ಹುಟ್ಟಿಸಲು, ಹೊಟ್ಟೆಯ ತೊಂದರೆಗಳಿಗೆ, ದೇಹದ ಕಾವು ತಣಿಸಲು, ರಕ್ತಶುದ್ಧಿಗೆ ಬೇರಿನ ಕಷಾಯವನ್ನು ಕೊಡುವುದು ವಾಡಿಕೆ. ರಾಯಲಸೀಮೆಯ ಊರುಗಳಲ್ಲಿ ಬೇಸಗೆ ಬಂದಿತೆಂದರೆ ನನ್ನಾರಿ ಶರಬತ್ತಿನ ಗಾಡಿಗಳು ಬೀದಿಗಿಳಿಯುತ್ತವೆ. ನನ್ನಾರಿ ಎಂಬ ಹೆಸರು ಸೊಗದೆಗೂ ಸಲ್ಲುವುದಾದರೂ, ಆ ಶರಬತ್ತಿನ ಪಾಕಕ್ಕೆ ಮಾಕಳಿಯ ಬೇರನ್ನೂ ಹೇರಳವಾಗಿ ಬಳಸುತ್ತಾರೆ. ಸಕ್ಕರೆಯ ಪಾಕ, ನಿಂಬೆಯ ರಸ, ತಣ್ಣೀರು ಬೆರೆಸಿದ ಆ ಪಾನೀಯವನ್ನು ಕುಡಿದವರು ಅದರ ಸುವಾಸನೆಯನ್ನು ಮರೆಯಲಾರರು.

ಇನ್ನು ಉಪ್ಪಿನಕಾಯಿ. ಅಜ್ಜಿ ಬೇರನ್ನು ಮಣ್ಣು ಹೋಗುವವರೆಗೆ ಏಳೆಂಟು ನೀರಿನಲ್ಲಿ ತೊಳೆದು ರಾತ್ರಿಯೆಲ್ಲ ನೆನೆಹಾಕುತ್ತಿದ್ದಳು. ಬೆಳಿಗ್ಗೆ ಕಂದು ಸಿಪ್ಪೆಯನ್ನು ಹೆರೆದು, ಬೇರನ್ನು ಸೀಳಿ ನಡುವಿನ ದಿಂಡನ್ನು ತೆಗೆದೆಸೆದು, ತಿರುಳನ್ನು ಸಣ್ಣಗೆ ಹೆಚ್ಚಿ, ಕಪ್ಪಾಗದಂತೆ ಕೂಡಲೇ ಉಪ್ಪು ಮತ್ತು ನಿಂಬೆರಸ ಬೆರೆಸಿದ ನೀರಿಗೆ ಹಾಕುತ್ತಿದ್ದಳು. ಬಳಿಕ ಮೆಣಸಿನಪುಡಿ, ಸಾಸಿವೆ, ಅರಿಸಿನ. ಬಡಿಸುವ ಮುನ್ನ ಹುಳಿಮೊಸರು. ಈ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬೇರಿನ ರಾಶಿಗೆ ಹುಳು ಬೀಳುವುದೂ ಅಪರೂಪ. ಮನೆಯ ಹೆಂಗಸರು ಬಲ್ಲ ಈ ಸಂಗತಿಯ ಹಿಂದೆ ಒಂದು ತತ್ತ್ವವಿದೆಯೆಂದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ತೋರಿಸಿಕೊಟ್ಟರು. ಮಾಕಳಿ ಬೇರಿನ ಸತ್ವ ಶೇಖರಿಸಿಟ್ಟ ಧಾನ್ಯವನ್ನು ಕೀಟಗಳಿಂದ ಕಾಪಾಡಬಲ್ಲದೆಂಬ ಅವರ ಸಂಶೋಧನೆ 1999ರಲ್ಲಿ ಪ್ರಕಟವಾಯಿತು.

ಹೀಗೆ ಬಾಯಿಗೆ ರುಚಿ, ದೇಹಕ್ಕೆ ತಂಪು, ಧಾನ್ಯಕ್ಕೆ ಕಾವಲು. ಇಷ್ಟೆಲ್ಲ ಗುಣಗಳು ಒಂದು ಸಸ್ಯಕ್ಕಿದ್ದರೆ ಅದು ಸಮೃದ್ಧವಾಗಿ ಬಾಳಬೇಕಲ್ಲವೆ? ಮಾಕಳಿಯ ವಿಷಯದಲ್ಲಿ ಆದದ್ದು ಇದಕ್ಕೆ ವಿರುದ್ಧ.

ನೆಲ್ಲಿಕಾಯಿಯನ್ನು ಕಿತ್ತರೆ ನೆಲ್ಲಿಯ ಮರ ಉಳಿಯುತ್ತದೆ. ಮರುವರ್ಷ ಮತ್ತೆ ಕಾಯಿ ಬಿಡುತ್ತದೆ. ಸೀಗೆಯ ಕಾಯಿಯನ್ನು, ಅಂಟುವಾಳವನ್ನು ಆರಿಸಿದರೂ ಹಾಗೆಯೇ. ಜೇನನ್ನು ಎಚ್ಚರದಿಂದ ತೆಗೆದರೆ ನೊಣಗಳು ಮತ್ತೆ ಹುಟ್ಟು ಕಟ್ಟುತ್ತವೆ. ಆದರೆ ಮಾಕಳಿಯಲ್ಲಿ ನಮಗೆ ಬೇಕಾದುದು ಬೇರು. ಬೇರು ಆ ಬಳ್ಳಿಯ ಕಣಜ. ಬಂಡೆ ಕಾದು ಕೆಂಡವಾಗುವ ಬೇಸಗೆಯಲ್ಲಿ ಅದು ತನ್ನ ನೀರನ್ನೂ ಆಹಾರವನ್ನೂ ಕೂಡಿಟ್ಟುಕೊಳ್ಳುವುದು ಅಲ್ಲಿಯೇ. ಕಣಜವನ್ನು ಬುಡಸಹಿತ ಹೊತ್ತೊಯ್ದರೆ ಮನೆಯವರು ಉಳಿಯುವುದು ಹೇಗೆ? ನಮ್ಮ ಊಟದ ಎಲೆಯ ಮೂಲೆಗೆ ಬೀಳುವ ಒಂದೊಂದು ಜಾಡಿ ಉಪ್ಪಿನಕಾಯಿಯ ಹಿಂದೆಯೂ ಅಗೆದ ಒಂದೊಂದು ಗುಂಡಿಯಿದೆ. ನಾವು ಬೇರನ್ನು ಬಲ್ಲೆವು, ಬಳ್ಳಿಯನ್ನು ಅರಿಯೆವು. ಆದುದರಿಂದಲೇ ಬಳ್ಳಿ ಇಲ್ಲವಾಗುತ್ತಿರುವುದು ನಮ್ಮ ಕಣ್ಣಿಗೆ ಬೀಳಲಿಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಮಾಕಳಿಯನ್ನು ಅಳಿವಿನ ಅಪಾಯಕ್ಕೊಳಗಾದ ಸಸ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಈ ಬಳ್ಳಿಯ ನೆಲೆ ದಕ್ಷಿಣ ಭಾರತ ಮಾತ್ರ. ಇಲ್ಲಿ ಕಳೆದುಕೊಂಡರೆ ಬೇರೆಲ್ಲಿಂದಲೋ ತರಿಸಿಕೊಳ್ಳುವ ಮಾತಿಲ್ಲ.

ಅಂದು ಬಂಡೆಯ ಬಳಿ ಅಜ್ಜ ಮಾಡಿದ ಕೆಲಸ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಳ್ಳಿಯ ಬುಡದಿಂದ ಒಂದು ಮೊಳ ದೂರದಲ್ಲಿ, ಒಂದು ಪಕ್ಕದಲ್ಲಿ ಮಾತ್ರ, ಮೊನಚಾದ ಕೋಲಿನಿಂದ ಮಣ್ಣನ್ನು ಸಡಿಲಿಸಿದರು. ನಾಲ್ಕಾರು ಬೇರುಗಳ ಗೊಂಚಲು ಕಾಣಿಸಿತು. ಅದರಲ್ಲಿ ಬಲಿತ ಒಂದನ್ನು ಆರಿಸಿ, ಬುಡಕ್ಕೆ ನೋವಾಗದಂತೆ ಕೊಯ್ದು ತೆಗೆದರು. ಉಳಿದವುಗಳ ಮೇಲೆ ಮಣ್ಣನ್ನು ಎಳೆದು, ಅಂಗೈಯಿಂದ ಒತ್ತಿ, ಮೇಲೆ ಒಣಗಿದ ಎಲೆಗಳನ್ನು ಹರಡಿದರು. "ಇನ್ನೂ ಇದ್ದಾವಲ್ಲ ಅಜ್ಜ, ಯಾಕೆ ಬಿಟ್ರಿ?" ಎಂದು ಒಬ್ಬ ಹುಡುಗ ಕೇಳಿದ. "ಮುಂದಿನ ಸಲ ಬಂದಾಗ ಬಳ್ಳಿ ನನ್ನ ಗುರುತು ಹಿಡೀಬೇಕಲ್ಲಪ್ಪ" ಎಂದರು ಅಜ್ಜ. ಕಾಡುಗೆಣಸನ್ನು ಅಗೆದಾಗಲೂ ಅದರ ತಲೆಯ ಭಾಗವನ್ನು ಮತ್ತೆ ಮಣ್ಣಿಗೆ ಒಪ್ಪಿಸಿ ಬರಬೇಕೆಂದು ತಮಗೆ ಹಿರಿಯರು ಕಲಿಸಿದ್ದಾರೆಂದು ಹೇಳಿದರು.

ಹಾಗಾದರೆ ಬಳ್ಳಿಗಳು ಬರಿದಾದದ್ದೇಕೆ? ಅದಕ್ಕೂ ಅಜ್ಜನೇ ಉತ್ತರ ಕೊಟ್ಟರು. ತಮಗೆ ಬೇಕಾದಷ್ಟನ್ನು ತಾವೇ ಅಗೆಯುತ್ತಿದ್ದ ಕಾಲದಲ್ಲಿ ಈ ಕಟ್ಟಳೆ ಸಾಕಾಗಿತ್ತು. ಪೇಟೆಯ ಬೇಡಿಕೆ ಮೂಟೆಗಳ ಲೆಕ್ಕದಲ್ಲಿ ಬಂದಾಗ ಕಟ್ಟಳೆ ಸಡಿಲವಾಯಿತು. ತೂಕಕ್ಕೆ ಕೂಲಿ ಎಂದ ಮೇಲೆ ಒಂದು ಬೇರು ತೆಗೆದು ಮೂರು ಬಿಡುವವನು ನಷ್ಟಕ್ಕೊಳಗಾಗುತ್ತಾನೆ. "ನಾನು ಬಿಟ್ಟು ಬಂದದ್ದನ್ನ ನಾಳೆ ಇನ್ನೊಬ್ಬ ಬಂದು ತೆಗೀತಾನೆ" ಎಂಬ ಅಂಜಿಕೆ ಹುಟ್ಟಿದಲ್ಲಿ ಯಾರೂ ಬಿಡುವುದಿಲ್ಲ. ಕಾಡು ಎಲ್ಲರ ಕೈಗೂ ಸಿಕ್ಕು ಯಾರ ಹೊಣೆಗೂ ಸಿಗದಂತಾದಾಗ ಹೀಗಾಗುತ್ತದೆ. ದೋಷವನ್ನು ಗುದ್ದಲಿ ಹಿಡಿದವನೊಬ್ಬನ ತಲೆಗೇ ಕಟ್ಟುವುದು ನ್ಯಾಯವಲ್ಲ. ಅದರಲ್ಲಿ ನಮ್ಮ ಅಜ್ಜಿಯ ಜಾಡಿಗೂ ಪಾಲಿದೆ.

ಬಿಳಿಗಿರಿರಂಗನ ಬೆಟ್ಟದ ಅರಣ್ಯವನ್ನು 1974ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅಲ್ಲಿಂದಾಚೆಗೆ ಸೋಲಿಗರ ಕುಮರಿ ಬೇಸಾಯ ನಿಂತಿತು. ಅನೇಕ ಪೋಡುಗಳು ಸ್ಥಳಾಂತರಗೊಂಡವು. ನೆಲ್ಲಿಕಾಯಿ, ಜೇನು, ಬೇರುಗಳಂಥ ಕಿರು ಅರಣ್ಯೋತ್ಪನ್ನಗಳನ್ನು ಗಿರಿಜನರ ಸಹಕಾರ ಸಂಘಗಳ ಮೂಲಕ ಮಾರುವುದು ಅವರ ಜೀವನೋಪಾಯದ ಮುಖ್ಯ ಭಾಗವಾಯಿತು. 2006ರಲ್ಲಿ ಈ ಸಂಗ್ರಹಕ್ಕೂ ತಡೆ ಬಿದ್ದಿತು. ಅದೇ ವರ್ಷ ಸಂಸತ್ತು ಅರಣ್ಯ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿತು. 2011ರ ಆರಂಭದಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷವೇ ಆ ಕಾಯಿದೆಯ ಅನ್ವಯ ಇಲ್ಲಿನ ಹಲವು ಸೋಲಿಗ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕನ್ನು ಪಡೆದ ದೇಶದ ಮೊದಲಿಗರಲ್ಲಿ ಸೋಲಿಗರು ಸೇರಿದ್ದಾರೆ. ಕಾಡಿನಿಂದ ಪಡೆಯುವ ಹಕ್ಕಿನೊಡನೆ ಕಾಡನ್ನು ಕಾಯುವ ಹೊಣೆಯನ್ನೂ ಈ ಕಾಯಿದೆ ಗ್ರಾಮಸಭೆಗೆ ಕೊಡುತ್ತದೆ. ನಾಳೆಯೂ ಇದು ತನ್ನದೇ ಎಂಬ ಭರವಸೆ ಇದ್ದವನು ಮಾತ್ರ ಮೂರು ಬೇರುಗಳನ್ನು ಬಿಟ್ಟು ಬರಬಲ್ಲ.

ವಿಜ್ಞಾನಿಗಳೂ ಸುಮ್ಮನೆ ಕುಳಿತಿಲ್ಲ. ಮಾಕಳಿಯ ಬೀಜಗಳು ಸುಲಭವಾಗಿ ಮೊಳೆಯುವುದಿಲ್ಲ. ಆದುದರಿಂದ ಮೈಸೂರಿನ ಅದೇ ಸಂಶೋಧನಾಲಯದಲ್ಲಿ ಬಳ್ಳಿಯ ಸಣ್ಣ ಚೂರುಗಳನ್ನು ಗಾಜಿನ ನಳಿಕೆಯಲ್ಲಿ ಪೋಷಿಸಿ ಸಸಿಗಳನ್ನು ಪಡೆಯುವ ಅಂಗಾಂಶ ಕೃಷಿಯ ವಿಧಾನವನ್ನು ರೂಪಿಸಿದ್ದಾರೆ. ಇಂಥ ಸಸಿಗಳನ್ನು ಹೊಲದ ಬದುಗಳಲ್ಲಿ, ಕಲ್ಲುನೆಲದಲ್ಲಿ ಬೆಳೆದರೆ ಪೇಟೆಯ ಬೇಡಿಕೆ ಕಾಡಿನ ಮೇಲೆ ಬೀಳುವುದು ತಪ್ಪುತ್ತದೆ. ಆದರೆ ಬೇರು ದಪ್ಪವಾಗಲು ಕೆಲವು ವರ್ಷಗಳು ಬೇಕು. ಮೂರು ತಿಂಗಳಿಗೆ ಫಸಲು ಬಯಸುವ ರೈತನಿಗೆ ಇದು ಒಗ್ಗುವುದು ಕಷ್ಟ. ಕಾಯುವ ರೈತನಿಗೆ ತಕ್ಕ ಬೆಲೆ ಕೊಡಲು ಕೊಳ್ಳುವವರು ಸಿದ್ಧರಿರಬೇಕು.

ಕೊಳ್ಳುವವರಾದ ನಾವು ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಬೇರಿನ ರಾಶಿಯ ಮುಂದೆ ನಿಂತಾಗ, ಇದು ಎಲ್ಲಿಂದ ಬಂತು, ಬೆಳೆದದ್ದೋ ಕಾಡಿನಿಂದ ಅಗೆದದ್ದೋ ಎಂದು ಒಂದು ಮಾತು ಕೇಳುವುದು. ಐದು ಕಿಲೋ ಕೊಳ್ಳುವಲ್ಲಿ ಅರ್ಧ ಕಿಲೋದಿಂದ ತೃಪ್ತರಾಗುವುದು. ಮಾಕಳಿಯ ಉಪ್ಪಿನಕಾಯಿ ಹೊಟ್ಟೆ ತುಂಬ ತಿನ್ನುವ ಪದಾರ್ಥವಲ್ಲ. ಎರಡು ಚೂರು ಸಾಕು, ಒಂದು ಬಟ್ಟಲು ಮೊಸರನ್ನ ಸರಿಯುತ್ತದೆ.

ಸಸಿ ಬೆಳೆಸುವವರೊಬ್ಬರಿಂದ ತಂದ ಒಂದು ಮಾಕಳಿ ಸಸಿಯನ್ನು ನಿವೃತ್ತನಾದ ಮೇಲೆ ನಮ್ಮ ಹಿತ್ತಿಲಿನ ಕಲ್ಲುಕಟ್ಟೆಯ ಪಕ್ಕದಲ್ಲಿ ನೆಟ್ಟೆ. ಮೊದಲ ಎರಡು ವರ್ಷ ಅದು ಬದುಕಿದೆಯೋ ಇಲ್ಲವೋ ಎಂಬಂತಿತ್ತು. ಈಗ ಕಟ್ಟೆಯನ್ನೇರಿ ಬೇಲಿಯ ಮೇಲೆ ಹರಡಿದೆ. ಮನೆಗೆ ಬಂದ ಮಕ್ಕಳಿಗೆ ಅದರ ಗೆಣ್ಣನ್ನು ಮುಟ್ಟಿ ನೋಡಲು ಹೇಳುತ್ತೇನೆ. ಪಕ್ಕದಲ್ಲಿಯೇ ಬೆಳೆದಿರುವ ಸೊಗದೆಯ ಎಲೆಯನ್ನು ತೋರಿಸಿ, ಯಾವುದು ಯಾವುದೆಂದು ಕೇಳುತ್ತೇನೆ. ಮೂಗನ್ನು ನಂಬಿದವರು ಸೋಲುತ್ತಾರೆ, ಕಣ್ಣಿಟ್ಟು ನೋಡಿದವರು ಗೆಲ್ಲುತ್ತಾರೆ. "ಬೇರು ಎಷ್ಟು ದಪ್ಪ ಆಗಿದೆ ತಾತ? ಅಗೆದು ನೋಡೋಣವೆ?" ಎಂದು ಮೊನ್ನೆ ಮೊಮ್ಮಗಳು ಗುದ್ದಲಿ ಹಿಡಿದು ನಿಂತಳು. ಒಂದು ಪಕ್ಕದ ಮಣ್ಣನ್ನು ಮಾತ್ರ ಸಡಿಲಿಸಿ, ಬೆರಳ ದಪ್ಪದ ಮೂರು ಬೇರುಗಳನ್ನು ಅವಳಿಗೆ ತೋರಿಸಿದೆ. ಆಮೇಲೆ ಇಬ್ಬರೂ ಸೇರಿ ಮಣ್ಣು ಮುಚ್ಚಿ, ಅಂಗೈಯಿಂದ ಒತ್ತಿ, ಒಂದು ಚೊಂಬು ನೀರೆರೆದು ಬಂದೆವು.